ಬುಕ್ಕು ಕೇಳೋಕೆ ಬಂದವರು

ನನ್ನ ಲೇಖನಗಳ ಪುಸ್ತಕ ಮೊನ್ನೆ ಅಚ್ಚಿಗೆ ಹೋಯಿತು. ನಾನೂ ಎದ್ದು ಓಡಾಡುತ್ತಿದ್ದೇನೆ. ಇವೆರಡರಲ್ಲಿ ಯಾವುದು ಮೊದಲು ಆಗುತ್ತೆ ಅಂತ ಗೆಳೆಯರ ನಡುವೆ ಪಂದ್ಯ ನಡೆದಿತ್ತಂತೆ. ಗೆದ್ದವರು ಬಂದು ಚಹಾ ಕುಡಿಸಿ.

ಕಳೆದ ವರ್ಷ, 2025ರ ಆಗಸ್ಟ್‌ನಲ್ಲಿ ನಾನು ಆಸ್ಪತ್ರೆ ಸೇರುವಂಥದ್ದು ಏನಾಯ್ತು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರು ಕೇಳಬೇಡಿ, ಹೇಳಿ ಹೇಳಿ ಸಾಕಾಗಿದೆ. ಬದುಕಿದ್ದೇನೆ. ಊಟ ಸೇರುತ್ತಿದೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತೆ, ಅದು ಮೊದಲೂ ಬರುತ್ತಿತ್ತು.

ಸಂಬಳವಿಲ್ಲದ ಬರಹಗಾರ ಕಾಯಿಲೆ ಬಿದ್ದರೆ ರಜೆ ಚೀಟಿ ಕೊಡೋದು ಯಾರಿಗೆ? ಬರೆದರೆ ದುಡ್ಡು, ಬರೆಯದಿದ್ದರೆ ಇಲ್ಲ. ಬರೆದದ್ದಕ್ಕೂ ದುಡ್ಡು ಬರೋದು ನಾಲ್ಕು ತಿಂಗಳ ಮೇಲೆ, ಅದೂ ಮೂರು ಸಲ ಫೋನ್ ಮಾಡಿದರೆ. ಹದಿನೈದು ವರ್ಷ ಹೀಗೇ ಕಳೆದಿದ್ದೇನೆ. ಒಂದು ವಾರ ತತ್ವಪದ, ಇನ್ನೊಂದು ವಾರ ಧಾರವಾಡದ ಮಳೆ, ಮತ್ತೊಂದು ವಾರ ಯಾವುದೋ ಊರಿನ ಜಾತ್ರೆಯ ತೇರಿನ ಹಗ್ಗ ಹೊಸೆಯುವವರು. ‘ನಿಮ್ಮ ವಿಷಯ ಯಾವುದು ಅಂತ ಒಂದು ಹೇಳಿಬಿಡಿ’ ಅಂತ ಒಬ್ಬ ಸಂಪಾದಕರು ಕೇಳಿದ್ದರು. ಕಾವ್ಯವೋ, ಧರ್ಮವೋ, ಊರ ಸುದ್ದಿಯೋ? ನನಗೆ ಉತ್ತರ ಹೊಳೆದಿರಲಿಲ್ಲ. ಮೂರೂ ಅಂದರೆ ಯಾವುದೂ ಇಲ್ಲ ಅನ್ನೋ ಹಾಗೆ ಕೇಳಿಸುತ್ತೆ, ಅಲ್ವಾ?

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಆಪರೇಷನ್ ಮಾಡಿದ ಡಾಕ್ಟರುಗಳು, ರಾತ್ರಿ ಪಾಳಿಯ ಸಿಸ್ಟರುಗಳು, ಫೋನ್‌ಪೇಯಲ್ಲಿ ದುಡ್ಡು ಹಾಕಿ ಹೆಸರು ಹೇಳದವರು, ನನ್ನ ಕೋಳಿಕಾಲಿನ ಅಕ್ಷರ ಬಿಡಿಸಿ ಟೈಪ್ ಮಾಡಿದ ಹುಡುಗಿ, ಕರಡು ತಿದ್ದಿ ನಾಲ್ಕು ನೂರು ಅಲ್ಪವಿರಾಮ ಕಿತ್ತುಹಾಕಿದ ಗೆಳೆಯ, ಮನೆ ಬೀಗ ಹಾಕಿದ್ದಾಗ ಕುಂಡಗಳಿಗೆ ನೀರು ಹಾಕಿದ ಪಕ್ಕದ ಮನೆಯವರು, ಗಡುವು ಮೀರಿದರೂ ಕಾದ ಪ್ರಕಾಶಕರು: ನಿಮಗೆಲ್ಲ ನಮಸ್ಕಾರ. ಅಕ್ಕಾ, ನಿನ್ನ ಬಗ್ಗೆ ಬರೆದರೆ ನೀನು ಬೈಯುತ್ತೀ. ಬರೆಯುವುದಿಲ್ಲ.

ಉಳಿದದ್ದೆಲ್ಲ ಒಬ್ಬರ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಊರಿನ ಹೆಸರಂತೂ ಬೇಡವೇ ಬೇಡ. ಹಿಂದೊಮ್ಮೆ ಪೇಪರಿನಲ್ಲಿ ಅವರ ಊರಿನ ಹೆಸರು ತಪ್ಪಾಗಿ ಅಚ್ಚಾಗಿತ್ತು. ಆ ತಪ್ಪು ನನ್ನದೇ. ಕಾಕಾ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ.

ಈ ಪುಸ್ತಕದ ಎಲ್ಲಕ್ಕಿಂತ ಉದ್ದದ ಲೇಖನ ಶಿಶುನಾಳ ಶರೀಫರ ಮೇಲಿದೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಮುಸ್ಲಿಂ ಮನೆಯ ಮಗ, ಗುರು ಕಳಸದ ಗೋವಿಂದಭಟ್ಟರು. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಇಷ್ಟನ್ನು ಎಲ್ಲರೂ ಬರೆದಿದ್ದಾರೆ, ನಾನೂ ಬರೆದೆ. ಆದರೆ ತತ್ವಪದಗಳ ಜತೆಗೆ ಅವರು ಮೊಹರಂಗೆ ಹಾಡುವ ಪದಗಳನ್ನೂ ಕಟ್ಟಿದ್ದರು ಅನ್ನೋದು ನನ್ನ ತಲೆಗೆ ಹೋಗಿದ್ದು ತಡವಾಗಿ. ಅಂಥ ಪದ ಈಗಲೂ ಹಾಡುವವರು ಯಾರಿದ್ದಾರೆ ಅಂತ ಹುಡುಕುತ್ತಾ ಹೋದಾಗ ಕಾಕಾ ಸಿಕ್ಕರು. 2018ರ ಸೆಪ್ಟೆಂಬರ್ ಅದು.

ಕಾಕಾ ಒಕ್ಕಲುತನದವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಆ ಊರಲ್ಲಿ ಮುಸ್ಲಿಮರ ಮನೆ ಇರೋದು ಎರಡೇ, ಆದರೆ ಮೊಹರಂ ಇಡೀ ಊರಿನದು. ದೇವರು, ಅಂದರೆ ಪಂಜಾಗಳನ್ನು, ಕೂರಿಸುವಾಗ ಕೈಗೆ ಕೆಂಪು ಲಾಡಿ ಕಟ್ಟಿಕೊಂಡವರಲ್ಲಿ ಯಾರು ಯಾವ ಮನೆಯವರು ಅಂತ ಹೊರಗಿನಿಂದ ಬಂದವನಿಗೆ ಗೊತ್ತಾಗೋದಿಲ್ಲ. ಕತ್ತಲ ರಾತ್ರಿ, ಅಂದರೆ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿ, ಬೆಂಕಿ ಹಾಕುವ ಅಲಾವಿ ಕುಣಿಯ ಸುತ್ತ ಮೇಳದವರು ನಿಲ್ಲುತ್ತಾರೆ. ಕಾಕಾ ಒಂದು ಸಾಲು ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ಹೆಜ್ಜೆ ಹಾಕುತ್ತಾರೆ. ರಿವಾಯತ್ ಪದ ಅಂತಾರೆ ಅದಕ್ಕೆ. ಕತೆ ಕರ್ಬಲಾದ್ದು. ಕ್ರಿಸ್ತಶಕ 680ರಲ್ಲಿ ಇರಾಕಿನ ಬಯಲಲ್ಲಿ, ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಕಡೆಯವರನ್ನೂ ನೀರು ಸಿಗದಂತೆ ತಡೆದು ಕೊಂದದ್ದು. ಪದದ ಒಳಗೆ ಮಾತ್ರ ನಮ್ಮ ಎರೆಮಣ್ಣು, ನಮ್ಮ ತಾಯಂದಿರ ಅಳು.

ಅದರ ಮೇಲೆ ಸಾವಿರದ ಇನ್ನೂರು ಶಬ್ದದ ಲೇಖನ ಬರೆದೆ. ಮೊಹರಂ ಚಂದ್ರನ ಲೆಕ್ಕದ ಹಬ್ಬ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತೆ, ಹಾಗಾಗಿ ಒಮ್ಮೆ ಮಳೆಯಲ್ಲಿ, ಒಮ್ಮೆ ಬೇಸಿಗೆಯಲ್ಲಿ ಬರುತ್ತೆ ಅಂತೆಲ್ಲ ಚೆನ್ನಾಗಿ ವಿವರಿಸಿದ್ದೆ. ಕಾಕಾಗೆ ಎರಡು ಸಾಲು. ‘ಮೇಳದಲ್ಲಿ ಒಬ್ಬ ಹಿರಿಯ ಹಾಡುಗಾರರೂ ಇದ್ದರು. ಅವರ ಕಂಠ ಇನ್ನೂ ಗಟ್ಟಿಯಾಗಿದೆ.’ ಇಷ್ಟೇ. ಆ ಪೇಪರ್ ತುಂಡನ್ನು ಅವರು ಮಡಚಿ ಇಟ್ಟುಕೊಂಡಿದ್ದಾರೆ. ತಪ್ಪಾದ ಊರಿನ ಹೆಸರನ್ನು ಬಾಲ್‌ಪೆನ್ನಲ್ಲಿ ಹೊಡೆದು ಮೇಲೆ ಸರಿಯಾದ್ದು ಬರೆದಿದ್ದಾರೆ.

ಆಮೇಲೆ ಮೊಹರಂ ಪದಗಳನ್ನು ಬರೆದಿಟ್ಟ ಬುಕ್ಕು. ಅವರ ಅಪ್ಪನ ಕಾಲದ ಉದ್ದನೆಯ ಲೆಕ್ಕದ ಪುಸ್ತಕ, ಹಳೆಯ ಕ್ಯಾಲೆಂಡರಿನ ಹೊದಿಕೆ, ದಬ್ಬಣದಿಂದ ಹೊಲಿದದ್ದು. ಮೊದಲ ಅರ್ಧ ಅಪ್ಪನ ಮಸಿ ಅಕ್ಷರ, ಉಳಿದರ್ಧ ಕಾಕಾರ ಬಾಲ್‌ಪೆನ್ನು. ಎಲ್ಲ ಹಾಳೆಯ ಕೆಳಮೂಲೆಯಲ್ಲೂ ಹೆಬ್ಬೆಟ್ಟಿನ ಎಣ್ಣೆ ಗುರುತು. 2023ರ ಮೊಹರಂ ಮುಗಿದ ಮರುದಿನ ಅದನ್ನು ಕೇಳಿ ತಂದೆ. ‘ಹದಿನೈದು ದಿನದಾಗ ಕೊಡ್ತೇನಿ ಕಾಕಾ’ ಅಂದಿದ್ದೆ. ಕೊಡಲಿಲ್ಲ. ನಕಲು ಮಾಡುವುದಿತ್ತು, ಒಂದು ಶಬ್ದದ ಅರ್ಥ ಸಿಕ್ಕಿರಲಿಲ್ಲ, ಬೇರೆ ಲೇಖನದ ಗಡುವು ಬಂತು. ಸುಮ್ನೆ ನೆಪ. ಟೇಬಲ್ ಮೇಲೆ ಇತ್ತು, ಇತ್ತು, ಇದ್ದೇ ಇತ್ತು. 2024ರ ಮೊಹರಂ ಹೋಯಿತು, 2025ರದ್ದೂ ಹೋಯಿತು.

ಆಗಸ್ಟಿನ ಆ ದಿನ ಕಾಕಾ ಬಸ್ ಹತ್ತಿ ಧಾರವಾಡಕ್ಕೆ ಬಂದದ್ದು ಆ ಬುಕ್ಕು ಕೇಳೋಕೆ. ಫೋನ್ ಮಾಡಿದರೆ ನಾನು ಎತ್ತುತ್ತಿರಲಿಲ್ಲ, ಅದಕ್ಕೆ. ಬಾಗಿಲಿಗೆ ಬೀಗ. ಪಕ್ಕದ ಮನೆಯವರು ವಿಷಯ ಹೇಳಿದ್ದಾರೆ. ಅವರು ವಾಪಸ್ ಊರಿನ ಬಸ್ ಹತ್ತಬಹುದಿತ್ತು. ನಾನಿದ್ದ ಆಸ್ಪತ್ರೆಗೆ ಅಂತ ಹುಬ್ಬಳ್ಳಿ ಬಸ್ ಹತ್ತಿದರು.

ಅಕ್ಕ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಕಾಕಾ ಬಂದವರೇ ಅವಳ ಮುಖ ನೋಡಿ, ‘ನೀ ಮನೀಗ್ ಹೋಗವಾ, ನಾ ಕೂಡ್ತೇನಿ’ ಅಂದರಂತೆ. ರೋಗಿಯ ಜತೆ ಇರುವವರ ಫಾರಂನಲ್ಲಿ ಸಂಬಂಧ ಅಂತ ಒಂದು ಕಲಂ ಇತ್ತು. ‘ನೀವು ಇವರಿಗೆ ಏನಾಗಬೇಕು?’ ಅಂತ ಸಿಸ್ಟರ್ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, ‘ಬುಕ್ಕ ಕೊಟ್ಟಾಂವ’ ಅಂದರಂತೆ. ಸಿಸ್ಟರ್ ‘ಚಿಕ್ಕಪ್ಪ’ ಅಂತ ಬರೆದುಕೊಂಡರು. ಇದನ್ನು ಅಕ್ಕ ನನಗೆ ಹೇಳಿದ್ದು ಆಮೇಲೆ, ನಕ್ಕರೆ ಹೊಲಿಗೆ ಬಿಚ್ಚುವ ಭಯ ಹೋದ ಮೇಲೆ.

ಆ ರಾತ್ರಿ ನೆನಪಿರೋದು ಬಾಯಾರಿಕೆ. ನೋವಿಗೆ ಮದ್ದು ಕೊಟ್ಟಿದ್ದರು, ಬಾಯಾರಿಕೆಗೆ ಇಲ್ಲ. ನೀರು ಒಂದು ಹನಿಯೂ ಕೊಡಬಾರದು, ಬೇಕಾದರೆ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿ ಅಂದಿದ್ದರು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹೊರಗೆ ಮಳೆ ಧೋ ಅಂತ ಸುರಿಯುತ್ತಿತ್ತು, ಕಿಟಕಿಯ ತಗಡಿನ ಮೇಲೆ ಅದರ ಸದ್ದು. ಇಷ್ಟೊಂದು ನೀರು ಬೀಳುತ್ತಿರುವಾಗ ನನಗೆ ಒಂದು ಗುಟುಕು ಇಲ್ಲ ಅಂತ ಸಣ್ಣ ಹುಡುಗನ ಹಾಗೆ ಅತ್ತೆ. ಬೈದೆ ಕೂಡ. ಕಾಕಾಗೇ ಬೈದೆ. ಏನು ಬೈದೆ ಅಂತ ಬರೆಯೋಕೆ ನಾಚಿಕೆ.

ಅವರು ಸ್ಟೀಲ್ ಸ್ಟೂಲಿನ ಮೇಲೆ ಕೂತು, ಟವೆಲ್ಲು ತೊಡೆಯ ಮೇಲೆ ಹಾಕಿಕೊಂಡು, ಹತ್ತಿಯನ್ನು ಲೋಟದಲ್ಲಿ ಅದ್ದಿ, ಹಿಂಡಿ, ತುಟಿಗೆ ಒತ್ತುತ್ತಿದ್ದರು. ಮತ್ತೆ ಅದ್ದಿ, ಹಿಂಡಿ. ಉಗುರುಗಳಲ್ಲಿ ಹೊಲದ ಕಪ್ಪು ಮಣ್ಣು ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ, ನನ್ನನ್ನು ನೋಡದೆ, ಅಂದರು:

‘ಹೊಳಿ ದಂಡ್ಯಾಗ ಇದ್ರೂ ಅವ್ರಿಗೆ ನೀರ ಸಿಗಲಿಲ್ಲ ತಮ್ಮಾ. ಸಣ್ಣ ಸಣ್ಣ ಕೂಸು ಇದ್ದೂ. ನಿನಗರೆ ನಾಳಿ ಸಿಗತೈತಿ.’

ಕರ್ಬಲಾದ ಬಾಯಾರಿಕೆಯ ಬಗ್ಗೆ ನಾನು ಎಷ್ಟು ಸಲ ಬರೆದಿದ್ದೆನೋ. ‘ನೀರಿನ ರೂಪಕ’ ಅಂತ ಒಂದು ಉಪಶೀರ್ಷಿಕೆಯೇ ಇತ್ತು. ಆ ರಾತ್ರಿ ರೂಪಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾಕಾ ಮಂಚದ ಕಬ್ಬಿಣದ ಸರಳಿನ ಮೇಲೆ ಬೆರಳಿನಿಂದ ಹೆಜ್ಜೆಯ ತಾಳ ಹಾಕುತ್ತಾ ಗಂಟಲಲ್ಲೇ ಒಂದು ಪದ ಗುನುಗಿದರು. ಸಿಸ್ಟರ್ ಬಂದು ‘ಅಜ್ಜಾರ, ಪೇಶಂಟ್ ಮಲಗಿದ್ದಾರೆ’ ಅಂದರು. ಪದ ನಿಂತಿತು. ಬೆರಳು ನಿಲ್ಲಲಿಲ್ಲ.

ಮೂರು ಗಂಟೆ ಆಗಿರಬೇಕು. ಕಾಲಿನಿಂದ ಚಳಿ ಹತ್ತುತ್ತಾ ಬಂತು. ಇಲ್ಲಿಗೆ ಮುಗಿಯಿತು ಅಂತ ಅನ್ನಿಸಿತು, ನಿಜವಾಗಿಯೂ. ‘ಕಾಕಾ, ನಾ ಸತ್ತರ?’ ಅಂತ ಕೇಳಿದೆ. ಏನೂ ಆಗಲ್ಲ, ಧೈರ್ಯ ತಗೋ ಅಂತ ಎಲ್ಲರೂ ಹೇಳಿದ್ದರು, ಇವರೂ ಹೇಳಲಿ ಅಂತ ಆಸೆ. ಅವರು ಹತ್ತಿ ಹಿಂಡಿದರು.

‘ಸಾಯೂದಾದ್ರ ಬುಕ್ಕ ಎಲ್ಲಿಟ್ಟಿ ಹೇಳಿ ಸಾಯಿ.’

ನಗು ಬಂತು. ನಕ್ಕರೆ ಹೊಟ್ಟೆ ಕಿತ್ತುಬರುವ ನೋವು, ನೋವಾದರೆ ಇನ್ನೂ ನಗು. ಸಿಸ್ಟರ್ ಓಡಿ ಬಂದರು. ಕಾಕಾ ಗಂಭೀರವಾಗಿ ಸ್ಟೂಲು ಹಿಂದೆ ಸರಿಸಿ ಎದ್ದು ನಿಂತರು, ತಾವೇನೂ ಮಾಡಿಲ್ಲ ಅನ್ನೋ ಹಾಗೆ. ಆಗಲೇ ನನಗೆ ಗೊತ್ತಾಗಿದ್ದು ಅವರು ಯಾಕೆ ಬಂದರು ಅಂತ. ಟೇಬಲ್ ಮೇಲೆ, ಎಡಗಡೆ, ಡಿಕ್ಷನರಿ ಕೆಳಗೆ ಅಂದೆ. ‘ಹೂಂ’ ಅಂದು ಮತ್ತೆ ಕೂತರು. ಬೆಳಗಾಗುವ ತನಕ ಕೂತಿದ್ದರು. ಮುಂದಿನ ನಾಲ್ಕು ರಾತ್ರಿಯೂ.

ಆ ಐದು ದಿನ ಅವರ ಹೊಲದಲ್ಲಿ ಹೆಸರು ಕೀಳುವ ಕೆಲಸ ನಿಂತಿತ್ತು. ಮಳೆಗೆ ಸಿಕ್ಕಿ ಕಾಯಿ ಗಿಡದಲ್ಲೇ ಮೊಳಕೆ ಒಡೆದವು. ಇದನ್ನು ಅವರು ಹೇಳಲಿಲ್ಲ. ಊರಿನ ಬೇರೆಯವರು ಹೇಳಿದರು.

ಎದ್ದು ನಡೆಯೋಕೆ ಶುರುವಾದ ಮೇಲೆ, ಫೆಬ್ರವರಿಯಲ್ಲಿ, ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಊರಿಗೆ ಹೋದೆ. ಅಂಗಳದಲ್ಲಿ ಕೂತು ಒಂದೊಂದೇ ಹಾಳೆ ತಿರುಗಿಸಿದರು. ಒಂದು ಉದ್ದದ ಪದದ ಹತ್ತಿರ ಬೆರಳು ನಿಂತಿತು. ‘ಇದನ್ನ ಎರಡ ವರ್ಷ ಹಾಡಾಕ ಆಗಲಿಲ್ಲ’ ಅಂದರು. ಉಳಿದವು ಬಾಯಲ್ಲಿದ್ದವು, ಇದು ಇರಲಿಲ್ಲ. ಅವರ ಅಪ್ಪ ಬರೆದ ಪದ. ದೂರಿದ ದನಿಯಲ್ಲ, ಎರಡು ವರ್ಷ ಮಳೆ ಆಗಲಿಲ್ಲ ಅನ್ನೋ ಹಾಗೆ ಹೇಳಿದರು ಅಷ್ಟೇ. ನಾನು ನೆಲ ನೋಡುತ್ತಾ ಕೂತೆ. ನನ್ನ ಟೇಬಲ್ ಮೇಲೆ ಎರಡು ವರ್ಷ ಒಂದು ಊರಿನ ಪದ ಬಾಯಿ ಮುಚ್ಚಿಕೊಂಡು ಕೂತಿತ್ತು. ಅದರ ಪಕ್ಕದಲ್ಲೇ ಕೂತು ನಾನು ಜನಪದ ಉಳಿಸುವುದು ಹೇಗೆ ಅಂತ ಎರಡು ಲೇಖನ ಬರೆದಿದ್ದೆ.

ಆ ಪದದ ಅಂಚಿನಲ್ಲಿ ನನ್ನ ಪೆನ್ಸಿಲಿನ ಗುರುತುಗಳಿದ್ದವು. ಒಂದು ಶಬ್ದದ ಕೆಳಗೆ ಗೆರೆ ಎಳೆದು ‘ತಪ್ಪು?’ ಅಂತ ಬರೆದಿದ್ದೆ. ಕಾಕಾ ಕನ್ನಡಕ ಏರಿಸಿ ಓದಿದರು. ‘ತಪ್ಪಲ್ಲೋ ಇದು, ನಮ್ಮೂರಾಗ ಹಿಂಗ ಅಂತಾರ’ ಅಂದು ಎಂಜಲು ಬೆರಳಿನಿಂದ ಉಜ್ಜಿದರು. ಅದು ಹೋಗಲಿಲ್ಲ, ಹರಡಿ ಬೂದು ಕಲೆಯಾಯಿತು. ಪುಸ್ತಕದ ಲೇಖನದಲ್ಲಿ ಆ ಜಾಗವನ್ನು ತಿದ್ದಿದ್ದೇನೆ. ಕಾಕಾರ ಎರಡು ಸಾಲು ಈಗ ಹನ್ನೊಂದು ಪುಟ. ‘ಇಷ್ಟ ಯಾಕ ಬರದಿ, ಹಾಳಿ ದಂಡ’ ಅಂತ ಅವರ ತಕರಾರು.

ಸಂಪಾದಕರು ಕೇಳಿದ ಪ್ರಶ್ನೆಗೆ ಉತ್ತರ ಈಗಲೂ ನನ್ನ ಹತ್ತಿರ ಇಲ್ಲ. ಮತ್ತೆ ಕೇಳಿದರೆ ಕಾಕಾರ ಊರಿನ ಬಸ್ ಎಲ್ಲಿ ನಿಲ್ಲುತ್ತೆ ಅಂತ ಹೇಳಿಬಿಡೋಣ ಅಂದುಕೊಂಡಿದ್ದೇನೆ.

ಈ ಸಲ ಮೊಹರಂ ಜೂನ್ ಕೊನೆಗೆ ಬರುತ್ತೆ. ಕಾಕಾಗೆ ರಾತ್ರಿ ಹೊತ್ತು ಅಕ್ಷರ ಸರಿಯಾಗಿ ಕಾಣೋದಿಲ್ಲ. ಅಪ್ಪನ ಪದ ಹಾಡುವಾಗ ಪಕ್ಕದಲ್ಲಿ ನಿಂತು ಬುಕ್ಕು ಹಿಡಿದು, ಸಾಲು ತಪ್ಪಿದರೆ ಕಿವಿಯಲ್ಲಿ ಹೇಳೋಕೆ ಒಬ್ಬರು ಬೇಕಂತೆ. ‘ನೀ ಹೆಂಗೂ ಎರಡ ವರ್ಷ ಓದಿಯಲ್ಲ’ ಅಂದರು ಮೊನ್ನೆ ಫೋನಿನಲ್ಲಿ. ಮೊದಲ ಸಲ ರಿಂಗ್ ಆದಾಗಲೇ ಎತ್ತಿದ್ದೆ. ಬರ್ತೇನಿ ಅಂದೆ. ಫೋನ್ ಇಡುವ ಮೊದಲು ಇನ್ನೊಂದು ಹೇಳಿದರು:

‘ಬ್ಯಾಟರಿ ನೀನ ತಾ. ಸೆಲ್ಲ ಹೊಸಾವು ಹಾಕ್ಕೊಂಡ ಬಾ.’