ಎದೆ ಅಂದಿದ್ದಕ್ಕೆ ಇಸಿಜಿ ತೆಗೆದರು

ಹೋದ ಸೋಮವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಫೈಲು ಮಡಚಿಟ್ಟು, "ಮಾತ್ರೆ ಸಾಕು. ಇನ್ನು ವರ್ಷಕ್ಕೊಂದು ಸಲ ಬಂದು ತೋರಿಸಿ" ಅಂದರು. ಮೊಲೆ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಐದು ವರ್ಷ ದಿನಾ ರಾತ್ರಿ ನುಂಗಿದ ಟಮಾಕ್ಸಿಫೆನ್ ಮಾತ್ರೆ ಅಲ್ಲಿಗೆ ನಿಂತಿತು. ತಿಪಟೂರಿಗೆ ವಾಪಸು ಬರುವ ರೈಲಿನಲ್ಲಿ ಯಾರ್ಯಾರ ಋಣ ಇದೆ ಅಂತ ಬೆರಳು ಮಡಚುತ್ತಾ ಕೂತೆ. ಗುಬ್ಬಿ ಬರುವಷ್ಟರಲ್ಲಿ ಎರಡೂ ಕೈ ಮುಗಿದವು. ಹೆಸರು ಹಾಕಬೇಡ ಅಂದವರೇ ಜಾಸ್ತಿ, ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಅವರಿಗೆಲ್ಲ ತಾವೇ ಅಂತ ಗೊತ್ತಾಗುತ್ತೆ.

ನಾನು ಟೈಲರ್. ಇಪ್ಪತ್ತು ವರ್ಷದಿಂದ ಊರಿನ ಹೆಂಗಸರ ಎದೆಸುತ್ತಳತೆ ಬರೆದುಕೊಂಡವಳು. ನನ್ನದೇ ಎಡಮೊಲೆಯಲ್ಲಿ ಹುಣಸೆಬೀಜದಷ್ಟು ಗಂಟು ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು 2018ರ ಗೌರಿ ಹಬ್ಬದ ಆಸುಪಾಸು. ನೋವಿರಲಿಲ್ಲ. ನೋವಿಲ್ಲ ಅಂದಮೇಲೆ ಏನಿದ್ದೀತು ಅಂತ ಬ್ಲೌಸ್ ಹೊಲಿಯುತ್ತಾ ಕೂತೆ. ಶುರುವಿನಲ್ಲಿ ಬಹಳಷ್ಟು ಜನಕ್ಕೆ ನೋವೇ ಇರಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಧೈರ್ಯ ಮಾಡಿ ನಮ್ಮನೆಯವರಿಗೆ, "ಯಾಕೋ ಎದೇಲಿ ಏನೋ ಆದಂಗೈತೆ" ಅಂದೆ. ಅಷ್ಟೇ. ಮನುಷ್ಯ ಪಂಚೆಯಲ್ಲೇ ಬೈಕ್ ಹತ್ತಿದರು. ಒಂದು ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು, ನಾರ್ಮಲ್ ಅಂದರು, ಗ್ಯಾಸ್ ಮಾತ್ರೆ ಕೊಟ್ಟರು. ಅಲ್ಲಿ ಯಾರದ್ದೂ ತಪ್ಪಿಲ್ಲ. ನಾನು ಎದೆ ಅಂದೆ, ಅವರು ಹೃದಯ ಅಂದುಕೊಂಡರು. ಮೊಲೆಹಾಲು ಅನ್ನೋಕೆ ನಮಗೆ ನಾಚಿಕೆ ಇಲ್ಲ. ಮಗು ಹಾಲು ಬಿಟ್ಟ ದಿನದಿಂದ ಅದೇ ಮಾತು ಮೈಲಿಗೆಯಾಗಿಬಿಡುತ್ತೆ. ಗ್ಯಾಸ್ ಮಾತ್ರೆ ನುಂಗಿಕೊಂಡು ಇನ್ನೂ ನಾಲ್ಕು ತಿಂಗಳು ಕಳೆದೆ.

ಹಾಗಾಗಿ ಮೊದಲ ನಮಸ್ಕಾರ ನಮ್ಮ ಆರೋಗ್ಯ ಉಪಕೇಂದ್ರದ ಸಿಸ್ಟರಿಗೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡ್ತಾರೆ ಬನ್ನಿ ಅಂತ ಆಶಾ ಅಕ್ಕ ನನ್ನನ್ನು ಅಂಗನವಾಡಿಗೆ ಎಳೆದುಕೊಂಡು ಹೋಗಿದ್ದರು. ಸಿಸ್ಟರು ಬಿಪಿ ಪಟ್ಟಿ ಬಿಚ್ಚುತ್ತಾ, ಟೀಗೆ ಸಕ್ಕರೆ ಹಾಕಲಾ ಅಂತ ಕೇಳೋ ಥರ, "ಮೊಲೇಲಿ ಗಂಟೇನಾದ್ರೂ ಐತೇನಕ್ಕ?" ಅಂದರು. ನನಗೆ ಅಳು ಬಂತು. ರೇಷನ್ ಮೂಟೆ ಜೋಡಿಸಿಟ್ಟಿದ್ದ ಒಳಕೋಣೆಯಲ್ಲಿ ಮೂರು ಬೆರಳಿನ ಮೆತ್ತನೆ ಭಾಗದಿಂದ ಸುತ್ತಲೂ ಒತ್ತಿ, ಕಂಕುಳಿನವರೆಗೂ ನೋಡಿದರು. ಅಷ್ಟೊತ್ತಿಗೆ ಅದು ನೆಲ್ಲಿಕಾಯಿ ಆಗಿತ್ತು, ಮೇಲಿನ ಚರ್ಮ ಸ್ವಲ್ಪ ಒಳಕ್ಕೆ ಎಳೆದಿತ್ತು.

ಬರೀ ಕೈಯಲ್ಲಿ ಮುಟ್ಟಿ ನೋಡೋದರಿಂದ ಏನಾಗುತ್ತೆ ಅನ್ನುವವರಿದ್ದಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ 20 ವರ್ಷ ಗಮನಿಸಿದ್ದಾರೆ. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ 30ರಷ್ಟು ಕಡಿಮೆ ಇತ್ತು. ಸಿಸ್ಟರೇ, ನಿಮ್ಮ ಮೂರು ಬೆರಳಿಗೆ ಅಷ್ಟು ಬೆಲೆ ಇದೆ.

ಆಮೇಲೆ ಸೂಜಿ ಪರೀಕ್ಷೆ, ಆಪರೇಷನ್, ಕೀಮೋ ಎಲ್ಲ ಆಯಿತು. ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ಬೀದಿಯವರು ಹೆದರಿಸಿದಾಗ, ಹಾಗೇನೂ ಆಗಲ್ಲಮ್ಮ ಅಂತ ಚಿತ್ರ ಬರೆದು ತೋರಿಸಿದ ಚಿಕ್ಕ ಡಾಕ್ಟರಿಗೆ, ಆಯುಷ್ಮಾನ್ ಕಾಗದ ಪತ್ರಕ್ಕೆ ಮೂರು ಸಲ ಓಡಾಡಿದ ನನ್ನ ತಮ್ಮನಿಗೆ, ಕೆಂಪು ಬಣ್ಣದ ಕೀಮೋ ಔಷಧಿ ಹಾಕಿದ ದಿನ ಮೂತ್ರವೂ ಕೆಂಪಗೆ ಹೋಗುತ್ತೆ, ರಕ್ತ ಅಂದ್ಕೊಂಡು ಗಾಬರಿ ಆಗಬೇಡಿ ಅಂತ ಮೊದಲೇ ಹೇಳಿದ ವಾರ್ಡಿನ ಸಿಸ್ಟರಿಗೆ ನಾನು ಋಣಿ. ಬಾಯೆಲ್ಲ ಹುಣ್ಣಾದಾಗ ರಾಗಿ ಗಂಜಿಯನ್ನು ಸೋಸಿ, ಆರಿಸಿ ತಂದವಳು ಓರಗಿತ್ತಿ. ಅವಳ ಜೊತೆ ಆರು ವರ್ಷದಿಂದ ಮಾತಿರಲಿಲ್ಲ. ಜಗಳ ಯಾತಕ್ಕೆ ಅಂತ ಈಗ ಇಬ್ಬರಿಗೂ ನೆನಪಿಲ್ಲ.

ಇನ್ನೊಬ್ಬರನ್ನು ಹುಡುಕುತ್ತಿದ್ದೇನೆ. ಪಕ್ಕದ ಮಂಚದಲ್ಲಿದ್ದ ರಾಯಚೂರಿನ ಅಜ್ಜಿ. ಮೊಲೆ ತೆಗೆದ ಮೇಲೆ ನಾನು ಬ್ಲೌಸಿನೊಳಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಹತ್ತಿಗೆ ತೂಕವಿಲ್ಲ, ನಡೆದಂತೆಲ್ಲ ಆ ಕಡೆ ಬ್ಲೌಸು ಮೇಲೇರುತ್ತಿತ್ತು, ಭುಜ ವಾಲುತ್ತಿತ್ತು. ಅಜ್ಜಿ ನೋಡಿ, "ಸಾಸಿವಿ ತುಂಬು ತಂಗಿ, ಜಗ್ತೈತಿ" ಅಂದರು. ಮನೆಗೆ ಬಂದು ಮಲ್ ಬಟ್ಟೆಯ ಚೀಲ ಹೊಲಿದು, ಸಾಸಿವೆಯನ್ನು ತೂಕ ಮಾಡಿ ಮಾಡಿ ತುಂಬಿದೆ. ಕಾಲು ಕೆಜಿಗೆ ಸರಿಯಾಗಿ ಕೂತಿತು. ಅದಕ್ಕೆಂದೇ ಬ್ಲೌಸಿನೊಳಗೆ ಜೇಬು ಇಟ್ಟೆ. ಇವತ್ತಿಗೆ ಅಂಥ ಜೇಬಿನ ಬ್ಲೌಸು ಹನ್ನೊಂದು ಜನಕ್ಕೆ ಹೊಲಿದುಕೊಟ್ಟಿದ್ದೇನೆ. ಅಜ್ಜಿಯ ಫೋನ್ ನಂಬರು ಮಾತ್ರ ಬರೆದುಕೊಳ್ಳಲಿಲ್ಲ.

ಈಗ ಅಳತೆ ಟೇಪು ಹಿಡಿದಾಗ ಎಲ್ಲರನ್ನೂ ಕೇಳುತ್ತೇನೆ, ಸಿಸ್ಟರು ಕೇಳಿದ ಮಾತಿನಲ್ಲೇ. ಮುಟ್ಟಾಗುವವರು ಮುಟ್ಟು ಶುರುವಾಗಿ ವಾರ, ಹತ್ತು ದಿನಕ್ಕೆ ಗಂಟಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿಕೊಳ್ಳಿ, ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ ಅನ್ನುತ್ತೇನೆ. ಗಂಟು ಅಂತ ನನ್ನ ಮಾತು ಕೇಳಿ ತೋರಿಸಿಕೊಂಡವರು ಇಬ್ಬರು. ಒಬ್ಬಳದು ಏನೂ ತೊಂದರೆಯಿಲ್ಲದ ಗಂಟು. ಇನ್ನೊಬ್ಬಳದು ಹುಣಸೆಬೀಜದಷ್ಟಿದ್ದಾಗಲೇ ಸಿಕ್ಕಿತು, ಮೊಲೆ ಉಳಿಯಿತು. ಒಬ್ಬರು ಮಾತ್ರ ಬೈದು, ಬಟ್ಟೆ ವಾಪಸು ತಗೊಂಡು ಹೋದರು. ಹೋಗಲಿ, ಹೆಬ್ಬಾಗಿಲಲ್ಲೇ ನಿಂತು ಜೋರಾಗಿ ಬೈದಿದ್ದರಿಂದ ನಾನೇನು ಕೇಳಿದೆ ಅಂತ ಇಡೀ ಬೀದಿಗೆ ಗೊತ್ತಾಯಿತು.

ಕೊನೆಗೆ ನಮ್ಮನೆಯವರು. ರಜೆ ಯಾತಕ್ಕೆ ಅಂತ ಕೇಳಿದವರಿಗೆಲ್ಲ ಮೊದಲು "ಅವಳಿಗೆ ಹುಷಾರಿಲ್ಲ" ಅಂತಿದ್ದರು. ಹೋದ ಸೋಮವಾರ ಸ್ಟೇಷನ್ನಿನಲ್ಲಿ ಯಾರೋ ಕೇಳಿದ್ದಕ್ಕೆ, "ಮೊಲೆ ಕ್ಯಾನ್ಸರ್ ಚೆಕಪ್ಪಿಗೆ ಹೋಗಿದ್ವಿ, ವಾಸಿ ಆಗೈತೆ" ಅಂದರು. ಟಿಕೆಟ್ ಸಾಲಿನವರೆಲ್ಲ ತಿರುಗಿ ನೋಡಿದರು. ಆ ರಾತ್ರಿಯ ಇಸಿಜಿ ಕಾಗದ ಇನ್ನೂ ನನ್ನ ಫೈಲಿನ ಮೊದಲ ಹಾಳೆ. ಎಸೆಯೋಣ ಅಂದರೆ ಅವರು ಬಿಡಲ್ಲ.