ಜೀವಿ ಸಿಕ್ಕಿದೆ ಎಂದವರು ಯಾರು ಸ್ವಾಮಿ?

ಸಂಪಾದಕರೇ,

ಸೋಮವಾರದ ಸಂಚಿಕೆಯಲ್ಲಿ ನಮ್ಮೂರ ಪುರಭವನದ ಕಾರ್ಯಕ್ರಮದ ವರದಿ ಓದಿದೆ. ‘ಅನ್ಯಗ್ರಹದಲ್ಲಿ ಜೀವಿ ಪತ್ತೆ: ಮನಸೂರೆಗೊಂಡ ಉಪನ್ಯಾಸ’ ಎಂದು ತಲೆಬರಹ ಹಾಕಿದ್ದೀರಿ. ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂಮುಕ್ಕಾಲು ಗಂಟೆ ಕೂತು ಎದ್ದು ಬಂದವನು ನಾನು. ಅಲ್ಲಿ ಜೀವಿಯೂ ಪತ್ತೆಯಾಗಲಿಲ್ಲ, ಮನಸ್ಸೂ ಸೂರೆಯಾಗಲಿಲ್ಲ. ಸೂರೆಯಾಗಿದ್ದು ಕುರ್ಚಿಗೆ ನೇತುಹಾಕಿದ್ದ ನನ್ನ ಕೊಡೆ ಮಾತ್ರ.

ಆಹ್ವಾನ ಪತ್ರಿಕೆಯಲ್ಲಿ ಸಂಜೆ 5.30 ಎಂದಿತ್ತು. ಮೊಮ್ಮಗಳಿಗೆ ಬೇಸಿಗೆ ರಜೆ. ನೋಟ್‌ಬುಕ್ಕಿನಲ್ಲಿ ಆರು ಪ್ರಶ್ನೆ ಬರೆದುಕೊಂಡು ಬಂದಿದ್ದಳು. ರಸ್ತೆ ಅಗೆದಿದ್ದಾರೆ ಅಂತ ಆಟೋದವನು ಸಂತೆ ಮೈದಾನದಲ್ಲೇ ಇಳಿಸಿಬಿಟ್ಟ (ಆ ಒಳಚರಂಡಿ ಗುಂಡಿಗೆ ಇದು ಎರಡನೇ ಯುಗಾದಿ, ಅದು ನಿಮಗೂ ಗೊತ್ತು). ಮಂಡಿ ನೋವು ಇಟ್ಟುಕೊಂಡು ಹಲಗೆ ಮೇಲೆ ದಾಟಿ ಸರಿಯಾದ ಸಮಯಕ್ಕೆ ಹೋದೆ. ಹೋಗಿದ್ದೇ ತಪ್ಪು. ಮುಖ್ಯ ಅತಿಥಿಗಳು ದಯಮಾಡಿಸಿದ್ದು 6.50ಕ್ಕೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಫ್ಯಾನಿನ ಗಾಳಿಗೆ ಆರಿಹೋಗುವ ದೀಪವನ್ನು ನಾಲ್ಕು ಸಲ ಬೆಳಗಿದ್ದು, ವೇದಿಕೆ ಮೇಲಿದ್ದ ಹನ್ನೊಂದು ಜನಕ್ಕೂ ಪೇಟ, ಶಾಲು, ಹಣ್ಣಿನ ಬುಟ್ಟಿ. ಅದರ ಮೇಲೆ ಒಬ್ಬ ಅಧಿಕಾರಿಗಳ ಭಾಷಣ. ಉಪನ್ಯಾಸ ಮಾಡಲು ಜಿಲ್ಲಾ ಕೇಂದ್ರದಿಂದ ಬಂದಿದ್ದ ಪಾಪದ ಮೇಷ್ಟರ ಕೈಗೆ ಮೈಕ್ ಸಿಕ್ಕಿದ್ದು 7.50ಕ್ಕೆ. ಅವರು ತುಂಬಾ ಚೆನ್ನಾಗಿ ಶುರು ಮಾಡಿದರು. ಹನ್ನೆರಡು ನಿಮಿಷಕ್ಕೆ ಕರೆಂಟ್ ಹೋಯಿತು. ಜನರೇಟರಿಗೆ ಡೀಸೆಲ್ ಇರಲಿಲ್ಲವಂತೆ. ಹಣ್ಣಿನ ಬುಟ್ಟಿಗೆ ದುಡ್ಡಿತ್ತು, ಡೀಸೆಲ್‌ಗೆ ಇರಲಿಲ್ಲ. ವಂದನಾರ್ಪಣೆ ಮೊಬೈಲ್ ಟಾರ್ಚಿನಲ್ಲಿ ಮುಗಿಯಿತು.

ಇನ್ನು ಆ ಅಧಿಕಾರಿಗಳ ಮಾತು. ‘ನಮ್ಮ ಇಸ್ರೋದವರು ಬೇರೆ ಗ್ರಹದಲ್ಲಿ ಜೀವಿ ಕಂಡುಹಿಡಿದಿದ್ದಾರೆ, ಮುಂದಿನ ದಿನಗಳಲ್ಲಿ ನಾವು ಅಲ್ಲಿಗೂ ಹೋಗಿ ಬರಬಹುದು’ ಎಂದರು. ನೀವು ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಒಂದು ಫೋನ್ ಮಾಡಿ ಯಾರನ್ನಾದರೂ ಕೇಳಬಾರದಿತ್ತಾ?

ಇಸ್ರೋಗೂ ಇದಕ್ಕೂ ಸಂಬಂಧ ಇಲ್ಲ. ನೋಡಿದ್ದು ಜೇಮ್ಸ್ ವೆಬ್ ದೂರದರ್ಶಕ. ಅದು ಅಮೆರಿಕ, ಯುರೋಪ್, ಕೆನಡಾ ಮೂವರೂ ಸೇರಿ 2021ರ ಡಿಸೆಂಬರ್ 25ರಂದು ಹಾರಿಸಿದ್ದು. ತಂಡದ ಮುಖ್ಯಸ್ಥರು ಕೇಂಬ್ರಿಜ್‌ನ ನಿಕ್ಕು ಮಧುಸೂದನ್. ಅವರು ಓದಿದ್ದು ಬನಾರಸ್‌ನ ಐಐಟಿಯಲ್ಲಿ, ಹೆಮ್ಮೆ ಪಡಬೇಕಾದರೆ ಅಷ್ಟಕ್ಕೆ ಪಡೋಣ. ಗ್ರಹದ ಹೆಸರು ಕೆ2-18ಬಿ. ಭೂಮಿಗಿಂತ ಸುಮಾರು 8.6 ಪಟ್ಟು ತೂಕ, ಅಗಲ 2.6 ಪಟ್ಟು. ತನ್ನ ಕೆಂಪು ಕುಬ್ಜ ನಕ್ಷತ್ರವನ್ನು (ಸೂರ್ಯನಿಗಿಂತ ಚಿಕ್ಕದು, ಮಂಕು) 33 ದಿನಕ್ಕೊಮ್ಮೆ ಸುತ್ತುತ್ತದೆ. ದೂರ 124 ಜ್ಯೋತಿರ್ವರ್ಷ. ಅಂದರೆ ಈಗ ನಮಗೆ ಸಿಗುತ್ತಿರುವ ಬೆಳಕು ಅಲ್ಲಿಂದ ಹೊರಟಿದ್ದು 1901ರ ಹೊತ್ತಿಗೆ. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋಗಿದ್ದು 1902ರಲ್ಲಿ. ಅದಕ್ಕೂ ಮೊದಲು ಹೊರಟ ಬೆಳಕು ಒಂದೂ ಕಟ್ ಇಲ್ಲದೆ ಬಂದು ತಲುಪಿದೆ. ನಮ್ಮ ಪುರಭವನಕ್ಕೆ ಬೆಳಕು ಬರಲು ಕಂಬದಿಂದ ನಲವತ್ತು ಅಡಿ ಸಾಕು, ಅದೂ ಬರಲಿಲ್ಲ. ಇಲ್ಲಿಂದ ತಾಲ್ಲೂಕು ಕಚೇರಿಗೆ ಹೋಗಿ ಕೆಲಸ ಮುಗಿಸಿ ಬರುವುದೇ ಒಂದು ಜನ್ಮದ ಯಾತ್ರೆ, ಇವರು ಕೆ2-18ಬಿಗೆ ‘ಹೋಗಿ ಬರ್ತಾರಂತೆ’.

ಸಿಕ್ಕಿದ್ದೇನು ಎಂದರೆ ಒಂದು ಅನಿಲದ ಸುಳಿವು, ಅಷ್ಟೇ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಒಂದಿಷ್ಟು ಬೆಳಕು ಅದರ ಗಾಳಿಯೊಳಗಿಂದ ಸೋಸಿ ಬರುತ್ತದೆ. ಒಂದೊಂದು ಅನಿಲ ಒಂದೊಂದು ಬಣ್ಣವನ್ನು ಹೀರಿಕೊಳ್ಳುತ್ತದೆ. ಯಾವ ಬಣ್ಣ ಕಮ್ಮಿಯಾಯಿತು ಎಂದು ನೋಡಿ ಯಾವ ಅನಿಲ ಇದೆ ಎಂದು ಹೇಳುತ್ತಾರೆ. 2023ರಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಕಂಡವು. 2025ರ ಏಪ್ರಿಲ್‌ನಲ್ಲಿ ಡೈಮಿಥೈಲ್ ಸಲ್ಫೈಡ್ ಕಂಡಿರಬಹುದು ಎಂದರು. ಅದೋ, ಅದರ ದಾಯಾದಿ ಡೈಮಿಥೈಲ್ ಡೈಸಲ್ಫೈಡೋ, ಬಿಡಿಸಿ ಹೇಳಲು ಆಗಿಲ್ಲ. ನಮ್ಮ ಭೂಮಿಯಲ್ಲಿ ಇದನ್ನು ಹೆಚ್ಚಾಗಿ ಮಾಡುವುದು ಸಮುದ್ರದ ಸಣ್ಣ ಪಾಚಿಗಳು. ಎಲೆಕೋಸು ಜಾಸ್ತಿ ಬೆಂದರೆ ಬರುತ್ತದಲ್ಲ, ಆ ವಾಸನೆಯಲ್ಲೂ ಇದರ ಪಾಲಿದೆ. ಅದಕ್ಕೇ ಇದು ಜೀವದ ಗುರುತು ಇರಬಹುದೇ ಎಂಬ ಪ್ರಶ್ನೆ ಎದ್ದಿದ್ದು. ಪ್ರಶ್ನೆ ಸ್ವಾಮಿ, ಉತ್ತರ ಅಲ್ಲ.

ಸುಮ್ನೆ ಆಕಸ್ಮಿಕವಾಗಿ ಹಾಗೆ ಕಾಣಿಸಿರುವ ಸಾಧ್ಯತೆ ನೂರಕ್ಕೆ 0.3 ಎಂದು ತಂಡವೇ ಹೇಳಿದೆ. ವಿಜ್ಞಾನಿಗಳು ಖಚಿತತೆ ಅಳೆಯುವ ಲೆಕ್ಕದಲ್ಲಿ ಅದು ಮೂರು ಸಿಗ್ಮಾ. ಕೇಳಲು ಕಮ್ಮಿ ಅನ್ನಿಸುತ್ತದೆ, ಆದರೆ ವಿಜ್ಞಾನದಲ್ಲಿ ‘ಪತ್ತೆ’ ಎನ್ನಲು ಐದು ಸಿಗ್ಮಾ ಬೇಕು, ಅಂದರೆ ನೂರಕ್ಕೆ 0.00006ಕ್ಕಿಂತ ಕೆಳಗೆ. ಅದಕ್ಕೆ ವೆಬ್‌ನಲ್ಲಿ ಇನ್ನೂ 16ರಿಂದ 24 ಗಂಟೆ ನೋಡಬೇಕಾಗಬಹುದು ಎಂದು ಅವರೇ ಹೇಳಿದ್ದಾರೆ. ಕೆಲವೇ ದಿನಗಳಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿಯೊಬ್ಬರು ಅದೇ ಅಂಕಿಗಳನ್ನು ಬೇರೆ ರೀತಿ ಲೆಕ್ಕ ಹಾಕಿ, ಇದು ಸಪಾಟು ಗೆರೆಗೂ ಹೊಂದುತ್ತದೆ, ಅಂದರೆ ಯಾವ ಅನಿಲದ ಗುರುತೂ ಇಲ್ಲದಿರಬಹುದು ಎಂದರು. 67ಪಿ ಎಂಬ ಧೂಮಕೇತುವಿನಲ್ಲೂ ಇದೇ ಅನಿಲ ಸಿಕ್ಕಿದೆ, ಅಲ್ಲಿ ಯಾವ ಪಾಚಿ? ಕೆ2-18ಬಿಯಲ್ಲಿ ಸಮುದ್ರ ಇದೆಯೋ ಇಲ್ಲವೋ ಎಂದೇ ಇನ್ನೂ ಜಗಳ ಮುಗಿದಿಲ್ಲ. ಕಂಡುಹಿಡಿದವರೇ ‘ಇರಬಹುದು’ ಎನ್ನುತ್ತಿರುವಾಗ ನಿಮ್ಮ ತಲೆಬರಹದಲ್ಲಿ ಆ ‘ಇರಬಹುದು’ ಎಲ್ಲಿ ಹೋಯಿತು? ಅದನ್ನೂ ನನ್ನ ಕೊಡೆ ಜೊತೆ ಯಾರಾದರೂ ಎತ್ತಿಕೊಂಡು ಹೋದರಾ?

ನನಗೆ ಯಾಕಿಷ್ಟು ಉರಿ ಎಂದು ಕೇಳಬಹುದು. 1996ರ ಆಗಸ್ಟ್‌ನಲ್ಲಿ, ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದ ಮಂಗಳದ ಕಲ್ಲಿನಲ್ಲಿ ಜೀವಿಯ ಗುರುತಿದೆ ಎಂದು ಸುದ್ದಿ ಬಂತು. ಕ್ಲಿಂಟನ್ ಅವರೇ ಶ್ವೇತಭವನದ ಅಂಗಳದಲ್ಲಿ ನಿಂತು ಮಾತಾಡಿದ್ದರು. ನಾನು ಪತ್ರಿಕೆ ಹಿಡಿದುಕೊಂಡು ಹತ್ತನೇ ತರಗತಿಗೆ ಹೋಗಿ ‘ಮಕ್ಕಳೇ, ಮಂಗಳದಲ್ಲಿ ಜೀವ ಇತ್ತು’ ಎಂದು ಬೋರ್ಡಿನ ಮೇಲೆ ಬರೆದುಬಿಟ್ಟೆ. ಆಮೇಲೆ ಜೀವ ಇಲ್ಲದೆಯೂ ಆ ಗುರುತುಗಳು ಮೂಡಬಹುದು ಎಂದು ಒಬ್ಬೊಬ್ಬರೇ ತೋರಿಸುತ್ತಾ ಹೋದರು. ಬೋರ್ಡ್ ಒರೆಸಿದಷ್ಟು ಸುಲಭವಾಗಿ ಆ ಮಕ್ಕಳ ತಲೆಯಲ್ಲಿದ್ದದ್ದನ್ನು ಒರೆಸಲು ಆಗಲಿಲ್ಲ. ಈಗಲೂ ಒಬ್ಬ ಹಳೇ ವಿದ್ಯಾರ್ಥಿ, ದಿನಸಿ ಅಂಗಡಿ ಇಟ್ಟಿದ್ದಾನೆ, ‘ಸಾರ್, ಮಂಗಳದವರು ಹೇಗಿದ್ದಾರೆ?’ ಅಂತ ಕೇಳಿ ನಗುತ್ತಾನೆ. 2020ರಲ್ಲಿ ಶುಕ್ರ ಗ್ರಹದಲ್ಲಿ ಫಾಸ್ಫೀನ್ ಅನಿಲ ಕಂಡಿದೆ, ಅದು ಜೀವದ ಗುರುತಿರಬಹುದು ಎಂಬ ಸುದ್ದಿ ಬಂದಾಗ ನಾನು ಬಾಯಿ ಬಿಡಲಿಲ್ಲ, ಉಳಿದುಕೊಂಡೆ.

ಹಾಗಂತ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಮೊಮ್ಮಗಳ ಮೂರನೇ ಪ್ರಶ್ನೆ ‘ಅಲ್ಲಿ ಜೀವ ಇದ್ದರೆ ನಮಗೇನು?’ ಎಂಬುದು. ಕತ್ತಲಲ್ಲಿ ಆ ಹಲಗೆ ದಾಟಿಸುತ್ತಾ ನಾನೇ ಹೇಳಿದೆ: ಒಂದೇ ಊರಲ್ಲಿ ಮಳೆ ಬಿದ್ದರೆ ಆ ಊರಿನ ಅದೃಷ್ಟ ಅನ್ನಬಹುದು. ಅಷ್ಟು ದೂರದ, ಸಂಬಂಧವೇ ಇಲ್ಲದ ಇನ್ನೊಂದು ಊರಲ್ಲೂ ಬಿದ್ದಿದೆ ಅಂತಾದರೆ, ನಡುವಿನ ಊರುಗಳೆಲ್ಲ ಒಣಗೇ ಇರುತ್ತವಾ ಪುಟ್ಟಿ? ಬರೀ ಪಾಚಿಯಾದರೂ ಸಾಕು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಾಗಾದರೆ ಇದೆಯಾ ಇಲ್ವಾ ತಾತ, ಒಂದು ಹೇಳು’ ಎಂದಳು. ಗೊತ್ತಿಲ್ಲ ಎಂದೆ. ‘ಆ ಅಂಕಲ್ ಇದೆ ಅಂದ್ರಲ್ಲ, ಪೇಟ ಹಾಕಿಕೊಂಡಿದ್ರಲ್ಲ’ ಎಂದಳು. ಪೇಟಕ್ಕೆ ನಾನೇನು ಉತ್ತರ ಕೊಡಲಿ?

ಮನೆಗೆ ಬಂದ ಮೇಲೆ ನಕ್ಷತ್ರವನ್ನಾದರೂ ತೋರಿಸೋಣ ಎಂದು ಟೆರೇಸಿಗೆ ಹೋದೆವು. ಆ ಗ್ರಹದ ನಕ್ಷತ್ರ ಇರುವುದು ಸಿಂಹ ರಾಶಿಯಲ್ಲಿ. ಬರಿಗಣ್ಣಿಗೆ ಕಾಣದು, ಆದರೆ ಈ ತಿಂಗಳು ರಾತ್ರಿ ಮಖಾ, ಉತ್ತರೆ ಎರಡೂ ಎತ್ತರದಲ್ಲಿ ಚೆಂದ ಕಾಣಬೇಕು. ಕಾಣಲಿಲ್ಲ. ಕಾರಣ, ನಮ್ಮ ಬೀದಿ ದೀಪಕ್ಕೆ ಆರು ವರ್ಷ ಅರ್ಜಿ ಹಾಕಿದ ಮೇಲೆ ಹೋದ ವರ್ಷ ಸರಿಯಾಗಿ ನಮ್ಮ ಮನೆ ಮುಂದೆ ಹೈಮಾಸ್ಟ್ ದೀಪ ನಿಲ್ಲಿಸಿದರು. ಊರೆಲ್ಲ ಕತ್ತಲಲ್ಲಿದ್ದರೂ ಅದು ಉರಿಯುತ್ತದೆ, ಹಗಲಲ್ಲೂ ಉರಿಯುತ್ತದೆ. ಅದರ ಬೆಳಕಲ್ಲಿ ಆಕಾಶ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ. ಕಂಬಕ್ಕೆ ಕಟ್ಟಿದ ಹೆಸರಿನ ಬೋರ್ಡು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ದೂರದರ್ಶಕ ಇಲ್ಲವಾ ಎಂದರೆ ಅದೂ ಇದೆ. ಸರ್ಕಾರದ ದುಡ್ಡಲ್ಲಿ ತಂದಿದ್ದು. ಪ್ಯಾಕಿಂಗ್ ಸಮೇತ ಕೋಣೆಯಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದರೆ ಬೇರೆ ಊರಿಗೆ ನಿಯೋಜನೆ ಮೇಲೆ ಹೋದವರ ಹತ್ತಿರ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನವೂ ಇದೇ ಕಥೆ ಹೇಳಿದ್ದರು. ನನ್ನ ಮನೆಯ ಖಾತೆ ಬದಲಾವಣೆ ಫೈಲೂ ಬಹುಶಃ ಅದೇ ಕೋಣೆಯಲ್ಲಿ ಇರಬೇಕು, ಹದಿನಾಲ್ಕು ತಿಂಗಳಾಯಿತು. ಅದು ಈಗ ಬೇಡ, ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ಈಗ ನಾನು ಕೇಳುವುದು ಇಷ್ಟೇ. ‘ಪತ್ತೆ’ ಅಲ್ಲ, ‘ಇರಬಹುದು’ ಎಂದು ತಿದ್ದುಪಡಿ ಹಾಕಿ, ಮೂಲೆಯಲ್ಲಾದರೂ ಸರಿ. ಇಲ್ಲದಿದ್ದರೆ ಆ ಮೇಷ್ಟರನ್ನು ಮತ್ತೆ ಕರೆಸಿ, ಪೇಟ ಶಾಲು ಇಲ್ಲದೆ, ಅವರ ಮಾತು ಪೂರ್ತಿ ಮಾಡಿಸಲಿ. ಎರಡೂ ಆಗದಿದ್ದರೆ ಒಂದು ರಾತ್ರಿ ಆ ಹೈಮಾಸ್ಟ್ ಆರಿಸಲಿ, ನಾವೇ ನೋಡಿಕೊಳ್ಳುತ್ತೇವೆ. ಸಂಬಂಧಪಟ್ಟವರು ಗಮನ ಹರಿಸಬೇಕು ಎಂದು ಬರೆಯೋಣ ಎಂದುಕೊಂಡೆ, ಆದರೆ ಇಪ್ಪತ್ತು ವರ್ಷದಿಂದ ಬರೆದು ಸಾಕಾಗಿದೆ, ಅವರಿಗೆ ನಾಚಿಕೆ ಆಗಬೇಕು. ಕೊಡೆ ಕಪ್ಪು ಬಣ್ಣದ್ದು, ಮರದ ಹಿಡಿ. ತೆಗೆದುಕೊಂಡವರು ಪುರಭವನದ ಕಾವಲುಗಾರನ ಹತ್ತಿರ ಕೊಟ್ಟರೆ ಸಾಕು.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಹೈಮಾಸ್ಟ್ ಎದುರು ಮನೆ, ಎರಡನೇ ಹಂತ