ಪ್ರತಿಗಳು: 300

ಸಂಪಾದಕರೇ,

ದುಡ್ಡು ಕೊಟ್ಟು ಲೇಖಕರಾಗುವವರು ಜಾಸ್ತಿಯಾಗಿದ್ದಾರೆ ಎಂದು ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಒಬ್ಬರು ಬರೆದಿದ್ದರು. ಅದನ್ನು ಓದುವಾಗ ನಾನು ನನ್ನ ಪುಸ್ತಕ ಅಚ್ಚು ಹಾಕಿಸಲು ಬಂದ ಮೂರು ಕೊಟೇಶನ್ ಮುಂದಿಟ್ಟುಕೊಂಡು ಕೂತಿದ್ದೆ. ಸುಮ್ನೆ ಇರಲಾಗಲಿಲ್ಲ, ಅದಕ್ಕೇ ಈ ಪತ್ರ.

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ 31 ವರ್ಷ ಗುಮಾಸ್ತನಾಗಿದ್ದವನು. ನಿವೃತ್ತಿಯಾದ ಮೇಲೆ ಆ ಮಾರುಕಟ್ಟೆಯ ಬಗ್ಗೆ ಬರೆದೆ. ಕಡ್ಡಿ, ಡಬ್ಬಿ ಎಂಬ ತಳಿಗಳು, ಹಮಾಲರ ಮಾತು, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದಿನಲ್ಲೇ ಹಸಿ ಎಷ್ಟಿದೆ ಎಂದು ಹೇಳುತ್ತಿದ್ದ ಒಬ್ಬ ಅಜ್ಜಿ, ಹೀಗೆ. ಡೆಮಿ ಸೈಜಿನಲ್ಲಿ 144 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ ಒಂಬತ್ತು ಫಾರಂ. ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ಉತ್ತರ ಕೊಡಲಿಲ್ಲ. ಇನ್ನೊಬ್ಬರು, ಇಂಥದ್ದಕ್ಕೆ ಓದುಗರು ಕಡಿಮೆ ಎಂದು ಮರ್ಯಾದೆಯಿಂದಲೇ ಬರೆದರು. ಅವರ ದುಡ್ಡು ಅವರದು, ನನಗೆ ಬೇಸರವಿಲ್ಲ.

ಮೂರನೆಯವರು ತಾವಾಗಿಯೇ ಫೋನ್ ಮಾಡಿದರು. 48,000 ರೂಪಾಯಿ ಕೊಟ್ಟರೆ 500 ಪ್ರತಿ ಹಾಕುತ್ತಾರಂತೆ. ನನಗೆ 150, ಉಳಿದದ್ದು ‘ಅಂಗಡಿಗೆ, ಲೈಬ್ರರಿಗೆ’. ಪುಸ್ತಕದಲ್ಲಿ ಪ್ರಕಾಶಕರು ಅಂತ ಇರುವುದು ಅವರ ಹೆಸರು. ಐಎಸ್‌ಬಿಎನ್‌ ಎಂಬ ಪುಸ್ತಕದ ಗುರುತಿನ ಸಂಖ್ಯೆಗೆ ಬೇರೆ 3,000. ಮಾದರಿಗೆಂದು ಅವರ ಒಂದು ಪುಸ್ತಕವನ್ನೂ ಕಳಿಸಿದರು. ನೋಡಿದರೆ ಅದು ನಮ್ಮೂರಿನ ನಿವೃತ್ತ ಮೇಷ್ಟ್ರ ಕವನ ಸಂಕಲನ! ಶೀರ್ಷಿಕೆ ಪುಟದ ಹಿಂದೆ ‘ಪ್ರತಿಗಳು: 1000’ ಎಂದಿತ್ತು. ಪುಸ್ತಕ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದೆ.

‘ಸಾವಿರ ಎಲ್ಲಿಂದ ಬಂತ್ರೀ, ನಾನು ದುಡ್ಡು ಕಟ್ಟಿದ್ದೇ ಐನೂರಕ್ಕೆ’ ಎಂದರು. ತಮ್ಮ ಪಾಲಿನದು ಹಂಚಿ ಮುಗಿದ ಮೇಲೆ ಇನ್ನೂ ಇಪ್ಪತ್ತು ಪ್ರತಿ ಕೇಳಿದ್ದಾರೆ. ಸ್ಟಾಕ್ ಇಲ್ಲ, ಮತ್ತೆ ದುಡ್ಡು ಕಟ್ಟಿದರೆ ಮತ್ತೆ ಹಾಕುತ್ತೇವೆ ಎಂದು ಪ್ರಕಾಶಕರು ಹೇಳಿದರಂತೆ. ಉಳಿದವು ಎಲ್ಲಿಗೆ ಹೋದವು, ಯಾರು ಕೊಂಡರು ಎಂಬ ಒಂದು ಚೀಟಿಯೂ ಮೇಷ್ಟ್ರ ಕೈಯಲ್ಲಿಲ್ಲ. ಪುಟ ತಿರುವಿದೆ. ಮೊದಲ ಕವನದಲ್ಲೇ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿದೆ. ‘ವರ್ಷ’ ಇದ್ದಲ್ಲೆಲ್ಲ ‘ವಷರ್’. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಹೀಗೆ ಜಾಗ ತಪ್ಪುವುದುಂಟು. ಕರಡು ಒಂದು ಸಲ ನೋಡಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಯಾರೂ ನೋಡಿಲ್ಲ. ಹಾಗಿದ್ದ ಮೇಲೆ ಅವರು ಯಾವುದಕ್ಕೆ ಪ್ರಕಾಶಕರು?

ಆ ಪ್ರಕಾಶಕರನ್ನೇ ಫೋನಿನಲ್ಲಿ ಕೇಳಿದೆ. ಐನೂರು ಹಾಕಿ ಸಾವಿರ ಅಂತ ಯಾಕೆ ಬರೆಯುತ್ತೀರಿ ಎಂದೆ. ‘ಅದು ರೂಢಿ ಸಾರ್, ನೋಡೋಕೆ ಚೆನ್ನಾಗಿರುತ್ತೆ’ ಎಂದರು. ನಮ್ಮ ಮಾರುಕಟ್ಟೆಯಲ್ಲಿ ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ಒಂದು ತೂಕ, ಕಾಟಾದ ಮೇಲೆ ಇನ್ನೊಂದು ತೂಕ ಬಂದರೆ ಆ ಅಂಗಡಿಗೆ ಮುಂದಿನ ಸೋಮವಾರ ಯಾರೂ ಕಾಲಿಡುವುದಿಲ್ಲ.

ದುಡ್ಡು ನನ್ನದೇ ಆದ ಮೇಲೆ ಪ್ರಕಾಶಕ ಅಂತ ಹೆಸರೂ ನನ್ನದೇ ಇರಲಿ ಎಂದು ಅವತ್ತೇ ತೀರ್ಮಾನಿಸಿದೆ.

ಗುಮಾಸ್ತನ ಬುದ್ಧಿ, ಲೆಕ್ಕ ಹಾಕಿಯೇ ಹಾಕಿದೆ. ಗದಗದ ಒಂದು ಪ್ರೆಸ್ಸಿನವರು 300 ಪ್ರತಿಗೆ 27,000 ಹೇಳಿದರು, 1000ಕ್ಕೆ 52,000. ಪ್ರತಿಗೆ 90 ಇದ್ದದ್ದು 52ಕ್ಕೆ ಇಳಿಯುತ್ತದೆ. ಆಸೆ ಹುಟ್ಟುವುದು ಇಲ್ಲೇ ನೋಡಿ. ಆದರೆ ಮಿಕ್ಕ ಮೆಣಸಿನಕಾಯಿಗೆ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ಇದೆ, ಮಿಕ್ಕ ಪುಸ್ತಕಕ್ಕೆ ಮಂಚದ ಕೆಳಗೇ ಗತಿ, ಅಲ್ವಾ? ಅಲ್ಲಿ ಗೆದ್ದಲೂ ಇದೆ. 300 ಸಾಕು ಎಂದೆ. ಅಕ್ಷರ ಜೋಡಿಸಿ ಪುಟ ಕಟ್ಟುವ ಡಿಟಿಪಿಗೆ ಪುಟಕ್ಕೆ 30ರಂತೆ 4,320. ಮುಖಪುಟ ಅಳಿಯ ಪುಕ್ಕಟೆ ಮಾಡಿಕೊಡುತ್ತಾನೆ. ಒಟ್ಟು 31,320. ಬೆಲೆ 160 ಇಟ್ಟರೆ 196 ಪ್ರತಿ ಮಾರಿದಾಗ ಅಸಲು ಬರುತ್ತದೆ. ಅಂಗಡಿಗೆ ಹಾಕಿದರೆ ನಾನು ಕೇಳಿದ ಕಡೆ 40 ಪರ್ಸೆಂಟ್ ಕಮಿಷನ್. ಕೈಗೆ ಬರುವುದು 96, ಪ್ರತಿಗೆ ಬಿದ್ದ ಖರ್ಚು 104. ಆದ್ದರಿಂದ ಅಂಗಡಿ ಇಲ್ಲ. ಲೈಬ್ರರಿಯವರು ಸಗಟು ಕೊಂಡರೆ ಸಂತೋಷ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

‘196 ಮಂದಿ ಯಾರ್ ತಗೋತಾರ್ರೀ? ಲಗ್ನದ ಕಾರ್ಡ್ ಹಂಚಿದಂಗ ಹಂಚಿ ಬರ್ತೀರಿ’ ಎಂದಳು ಮನೆಯಾಕೆ. ಮಾತು ಚುಚ್ಚಿತು. ಹಳೇ ಡೈರಿ ತೆಗೆದು, ದುಡ್ಡು ಕೊಟ್ಟು ಕೊಳ್ಳುವವರ ಹೆಸರು ಬರೆಯುತ್ತಾ ಹೋದೆ. 140ಕ್ಕೆ ನಿಂತಿತು. ಉಳಿದ 56 ನನ್ನ ಧೈರ್ಯ.

ಐಎಸ್‌ಬಿಎನ್ ವಿಷಯ ಎಲ್ಲರಿಗೂ ಗೊತ್ತಿರಲಿ. ನಮ್ಮ ದೇಶದಲ್ಲಿ ಅದು ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿನ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಂಚೆಗೆ 2025ರ ಮೇ ತಿಂಗಳಿಂದ ಪುಸ್ತಕ ಕಳಿಸುವ ‘ಜ್ಞಾನ ಪೋಸ್ಟ್’ ಸೇವೆ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಇಷ್ಟೇ ಪುಟದ ಒಂದು ಪುಸ್ತಕವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, 175 ಗ್ರಾಂ. ನಿಧಾನಕ್ಕೆ ಹೋಗುತ್ತದೆ, ಹೋಗಲಿ. ಇನ್ನು ಪ್ರಕಾಶಕ ಎನಿಸಿಕೊಂಡ ಮೇಲೆ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ನಾಲ್ಕು ಪ್ರತಿ ಅಲ್ಲಿಗೆ ಬರೆದಿಟ್ಟಿದ್ದೇನೆ.

ಸ್ವಂತಕ್ಕೆ ಪುಸ್ತಕ ಹಾಕಿಸುವುದೇ ಸಣ್ಣತನ ಎಂಬಂತೆ ಪುರವಣಿಯವರು ಬರೆದದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಮ್ಮ ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಪ್ರಕಾಶನ ನಡೆಸಿದರು. ನಾನು ಅವರ ಕಾಲ ಧೂಳಿಗೂ ಸಮನಲ್ಲ, ಆದರೆ ಗಂಟು ಹೊರಲು ನನಗೂ ಹೆಗಲಿದೆ.

ನಿಮ್ಮಲ್ಲಿ ಒಂದೇ ವಿನಂತಿ. ನಿಮ್ಮ ‘ಸ್ವೀಕಾರ’ ಅಂಕಣದಲ್ಲಿ ಪುಟ, ಬೆಲೆ, ಪ್ರಕಾಶಕರ ಹೆಸರು ಹಾಕುತ್ತೀರಿ. ಅದರ ಜೊತೆ ಪ್ರತಿಗಳ ಸಂಖ್ಯೆಯನ್ನೂ, ಖರ್ಚು ಯಾರದು ಎಂಬುದನ್ನೂ ಕೇಳಿ ಹಾಕಿ. ಮೊದಲಿಗೆ ನನ್ನದನ್ನೇ ಹಾಕಬಹುದು: ಪ್ರತಿಗಳು 300, ಖರ್ಚು ಲೇಖಕನದು. ಕರಡು ಎರಡನೇ ಸಲ ನೋಡುತ್ತಿದ್ದೇನೆ. ನಿನ್ನೆ 87ನೇ ಪುಟದಲ್ಲಿ ಒಂದು ‘ವಷರ್’ ಸಿಕ್ಕಿತು.

— ನಿವೃತ್ತ ಗುಮಾಸ್ತ, ಬ್ಯಾಡಗಿ